ಕೆಮ್ಮಣ್ಣು, ಅರಿಶಿನ, ಸೂಜಿದಾರ

ತುಮಕೂರಿನ ಹತ್ತಿರದ ಕೋರದ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ನಡುಮನೆಯ ಗೋಡೆಗೊಂದು ಗೂಡು ಇರುತ್ತದೆ. ದೀಪ ಇಡುವ ಗೂಡಲ್ಲ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಕೈ ಎತ್ತಿದರೆ ಸಿಗುವ ಎತ್ತರದಲ್ಲಿರುವುದು. ಒಳಗೆ ಕರಟದ ತುಂಬ ರಂಗೋಲಿ ಪುಡಿ. ಬಾಯಿಗೆ ಬಿಳಿ ಒಣಗಿ ಅಂಟಿದ ಸುಣ್ಣದ ಡಬ್ಬಿ. ಎರಡು ಅರಿಶಿನದ ಕೊಂಬು. ಹಿಡಿಗಾತ್ರದ ಕೆಮ್ಮಣ್ಣಿನ ಹೆಂಟೆ. ರವಿಕೆ ಚೂರಿಗೆ ಚುಚ್ಚಿಟ್ಟ ಸೂಜಿ, ಅದಕ್ಕೆ ಸುತ್ತಿದ ಕಪ್ಪು ದಾರ. ಮಗು ಹುಟ್ಟಿದಾಗ ತಂದು ಉಳಿದ ಬಜೆ ಬೇರು. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಸಕ್ಕರೆ ಕಾಯಿಲೆಯ ಮಾತ್ರೆ, ಬಿ.ಪಿ. ಮಾತ್ರೆ, ರಬ್ಬರ್ ಬ್ಯಾಂಡ್ ಹಾಕಿದ ಆಸ್ಪತ್ರೆ ಚೀಟಿಗಳು. ಗೂಡಿನಲ್ಲಿ ಹಿಡಿಸದ ಎಕ್ಸ್‌-ರೇ ಮಾತ್ರ ಮೇಲೆ ತೊಲೆ ಸಂದಿಗೆ ಸಿಕ್ಕಿಕೊಂಡಿರುತ್ತದೆ.

ಆ ಮನೆಯಲ್ಲಿ ಯಾರಿಗೆ ಏನಾಗಿತ್ತು, ಹೇಗೆ ಕಳೆಯಿತು ಎಂಬುದೆಲ್ಲ ಆ ಗೂಡಿಗೆ ಗೊತ್ತು. ಆ ಮನೆಯ ಬಣ್ಣದ ಪೆಟ್ಟಿಗೆಯೂ ಅದೇ.

ತುಮಕೂರಿನಿಂದ ಶಿರಾ ಕಡೆಗೆ ಹೊರಟ 48ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು ಹಗಲೂ ರಾತ್ರಿಯೂ ಓಡುವ ಸೀಮೆ ಇದು. ಹೊರಗಿನವರಿಗೆ ಕೋರ ಹೋಬಳಿ ಪರಿಚಯವಾದದ್ದು ವಸಂತನರಸಾಪುರದ ಕೈಗಾರಿಕಾ ಪ್ರದೇಶದಿಂದ. 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಬೆಳಗಾದರೆ ಕಂಪನಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ರಸ್ತೆ ಬದಿಗೆ ನಿಲ್ಲುತ್ತಾರೆ. ಒಳದಾರಿ ಹಿಡಿದರೆ ತೆಂಗಿನ ತೋಟ, ರಾಗಿ ಹೊಲ, ಹುಣಸೆ ಮರದ ನೆರಳು, ಹೊಸ ಸಿಮೆಂಟು ಮನೆಗಳ ನಡುವೆ ಉಳಿದುಕೊಂಡ ಹೆಂಚಿನ ಮನೆಗಳು. ಕೆಲವದರ ಜಗಲಿ ಅಂಚಿಗೆ ಸುಣ್ಣ, ಕೆಮ್ಮಣ್ಣಿನ ಕಾರಣೆ ಇನ್ನೂ ಇದೆ.

ಸರ್ಪಸುತ್ತು ಎದ್ದವರು ಇಂಥದೊಂದು ಮನೆಯ ಜಗಲಿ ಹುಡುಕಿಕೊಂಡು ಬರುತ್ತಾರೆ. ಹೊತ್ತಾರೆ, ಬಿಸಿಲೇರುವ ಮುಂಚೆ. ಅಂಗಿ ಬಿಚ್ಚಿದರೆ ಬೆನ್ನುಮೂಳೆಯ ಹತ್ತಿರದಿಂದ ಹೊರಟು ಪಕ್ಕೆ ಬಳಸಿ ಎದೆಯ ಕಡೆಗೆ ಬರುವ ಗುಳ್ಳೆಯ ಪಟ್ಟಿ. ಒಂದೇ ಮಗ್ಗುಲು. ಬಟ್ಟೆ ಸೋಕಿದರೂ ಕೆಂಡ ಇಟ್ಟ ಉರಿ. ರಾತ್ರಿ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿರುತ್ತದೆ. ಆ ಮನೆಯ ಅಜ್ಜಿ ಹೆಚ್ಚು ಮಾತಾಡುವುದಿಲ್ಲ. ಗೂಡಿನಿಂದ ಕೆಮ್ಮಣ್ಣಿನ ಹೆಂಟೆ ತೆಗೆದು, ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯುತ್ತಾಳೆ. ಬಣ್ಣ ಗಟ್ಟಿಯಾಗುತ್ತ ಬಂದಂತೆ ಮಳೆಯ ಮೊದಲ ಹನಿಗೆ ಏಳುವ ನೆಲದ ವಾಸನೆ ಜಗಲಿಯ ತುಂಬ ಹರಡುತ್ತದೆ. ಕೋಳಿ ಪುಕ್ಕವೊಂದನ್ನು ಅದಕ್ಕೆ ಅದ್ದುತ್ತಾಳೆ.

“ಅಲ್ಲಾಡ್ಬ್ಯಾಡ ಕಣಪ್ಪ, ಗೆರೆ ಕದಲ್ತದೆ.”

ಮೊದಲು ಗುಳ್ಳೆ ಮುಗಿಯುವ ಕಡೆ ಒಂದು ಅಡ್ಡಗೆರೆ. ಆಮೇಲೆ ಶುರುವಾಗುವ ಕಡೆ ಇನ್ನೊಂದು. ಅವೆರಡರ ನಡುವೆ ಮೇಲೊಂದು ಕೆಳಗೊಂದು ಅಂಚು. ಸರ್ಪದ ತಲೆಯೂ ಬಾಲವೂ ಒಂದಕ್ಕೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಭಯ ಊರಿಗೆಲ್ಲ ಇದೆ, ಬಂದು ಕೂತವನಿಗಂತೂ ಇದ್ದೇ ಇದೆ. ಆ ಭಯಕ್ಕೆ ಅಜ್ಜಿ ಬರೆಯುವ ಉತ್ತರವೇ ಆ ಅಡ್ಡಗೆರೆ: ಇಲ್ಲಿಂದಾಚೆಗೆ ಬರಬೇಡ. ತಣ್ಣಗಿನ ಮಣ್ಣು ಸೋಕಿದಾಗ ಅವನ ಹೆಗಲು ಸ್ವಲ್ಪ ಇಳಿಯುತ್ತದೆ.

“ಆಸ್ಪತ್ರೆಗೆ ತೋರಿಸ್ದ್ಯಾ?”

“ಹೂಂ ಕಣಜ್ಜಿ, ಮಾತ್ರೆ ಕೊಟ್ಟವ್ರೆ.”

“ನುಂಗು ಮತ್ತೆ. ಅದೂ ಆಗ್ಲಿ, ಇದೂ ಆಗ್ಲಿ.”

ಈ ಕೊನೆಯ ಮಾತನ್ನು ನಾನು ಇನ್ನೂ ಗಟ್ಟಿಯಾಗಿ ಹೇಳಬೇಕು. ಸರ್ಪಸುತ್ತು ವೈರಸ್ಸಿನಿಂದ ಬರುವ ಕಾಯಿಲೆ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಹೆಚ್ಚು ಉಪಯೋಗ. ಕಣ್ಣಿನ ಸುತ್ತ ಎದ್ದರೆ ಒಂದು ದಿನವನ್ನೂ ಕಾಯುವ ಹಾಗಿಲ್ಲ, ದೃಷ್ಟಿಗೇ ಅಪಾಯ. ಒಡೆದ ಗುಳ್ಳೆಯ ಮೇಲೆ ಮಣ್ಣು ಬಿದ್ದರೆ ಕೀವಾಗಬಹುದು. ಕೆಮ್ಮಣ್ಣು ವೈರಸ್ಸನ್ನು ಕೊಲ್ಲುವುದಿಲ್ಲ. ಪಟ್ಟಿ ಎದೆಯ ನಡುಗೆರೆಯಲ್ಲಿ ನಿಲ್ಲುವುದಕ್ಕೂ ಕಾರಣ ಬೇರೆ: ವೈರಸ್ಸು ಒಂದು ನರದ ದಾರಿ ಹಿಡಿದು ಬರುತ್ತದೆ, ಎಡಗಡೆಯ ನರ ಎಡಕ್ಕೇ, ಬಲಗಡೆಯದು ಬಲಕ್ಕೇ ಮುಗಿಯುತ್ತದೆ. ತಲೆ ಬಾಲ ಮುಟ್ಟದಂತೆ ಗೆರೆ ಹಾಕಿರುವುದು ದೇಹವೇ.

ಇಷ್ಟೆಲ್ಲ ತಿಳಿದ ಮೇಲೂ ಆ ಜಗಲಿಯಲ್ಲಿ ನಡೆದದ್ದನ್ನು ಬರೀ ಮೂಢನಂಬಿಕೆ ಎಂದು ಬದಿಗೆ ತಳ್ಳಲು ನನಗೆ ಮನಸ್ಸು ಬರುವುದಿಲ್ಲ. ನೋವು ಇದ್ದವನಿಗೆ ಅದನ್ನು ತೋರಿಸುವುದೇ ಕಷ್ಟ. ಎಷ್ಟು ಉರಿ, ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಹೊತ್ತಿಗೆ ಮಾತು ಸೋಲುತ್ತದೆ. ಇನ್ನೊಬ್ಬರು ಅಷ್ಟು ಹತ್ತಿರ ಕೂತು, ಅದರ ಅಂಚನ್ನು ಕಣ್ಣಲ್ಲಿ ಅಳೆದು, ಅದಕ್ಕೊಂದು ಎಲ್ಲೆ ಬರೆದರೆ ನೋವಿಗೆ ಆಕಾರ ಬರುತ್ತದೆ. ಇಷ್ಟೇ ಇದೆ, ಇಲ್ಲಿಗೆ ಮುಗಿಯುತ್ತದೆ ಎಂಬುದು ಕಾಣುತ್ತದೆ. ಚಿತ್ರ ಬರೆಯುವವರು ಮಾಡುವುದೂ ಅದನ್ನೇ. ಅಜ್ಜಿಗೆ ಹಾಳೆ ಅವನ ಬೆನ್ನು, ಬಣ್ಣ ಹಿತ್ತಲ ಮಣ್ಣು.

ಇದೇ ಮನುಷ್ಯ ಚಿಕ್ಕವನಿದ್ದಾಗ ಇದೇ ವೈರಸ್ಸು ಬಂದು ಹೋಗಿರುತ್ತದೆ. ಆಗ ಅದನ್ನು ಊರು ಅಮ್ಮ ಎಂದು ಕರೆದಿತ್ತು. ಅಮ್ಮ ಎಂದರೆ ಸೀತಾಳೆ ಸಿಡುಬು. ಅದು ವಾಸಿಯಾದ ಮೇಲೂ ವೈರಸ್ಸು ನರದ ಬುಡದಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿದ್ದು, ಮೈ ಸೋತ ವಯಸ್ಸಿನಲ್ಲಿ ಸರ್ಪಸುತ್ತಾಗಿ ಏಳುತ್ತದೆ. ಆ ಬಾಲ್ಯದ ಕಾಯಿಲೆಗೂ ಮನೆ ತನ್ನದೇ ಒಂದು ಅಲಂಕಾರ ಮಾಡಿತ್ತು. ಹೊರಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಒಳಗೆ ಅಮ್ಮ ಆಗಿದೆ, ಹೊರಗಿನವರು ಬರಬೇಡಿ ಎಂದು ಅರ್ಥ. ಮಗುವಿನ ಹಾಸಿಗೆಯ ಮೇಲೂ ಬೇವಿನ ಎಲೆ. ತುರಿಕೆ ಬಂದರೆ ಉಗುರು ಬೇಡ, ಬೇವಿನ ಎಳೆ ಕುಡಿಯಿಂದ ಸವರು. ಗುಳ್ಳೆ ಒಣಗಿ ನೀರು ಹಾಕುವ ದಿನ ಬೇವು, ಅರಿಶಿನ ಹಾಕಿ ಬಿಸಿಲಿಗಿಟ್ಟ ನೀರು, ಮೊಸರನ್ನದ ಎಡೆ. ಆ ಹಸಿರು ಗೊಂಚಲಿನ ಬಾಗಿಲಲ್ಲಿ ಅಂಟು ಹರಡದಂತೆ ನೋಡುವ ವಿವೇಕವೂ ಇತ್ತು.

ಆದರೆ ದೊಡ್ಡ ಸಿಡುಬು ಬೇವಿಗೆ ಬಗ್ಗಲಿಲ್ಲ. ಅದನ್ನು ಓಡಿಸಿದ್ದು ಲಸಿಕೆ. ಅಲ್ಲಿಯೂ ಚಿತ್ರವೊಂದು ಕೆಲಸ ಮಾಡಿದೆ, ಅದೂ ನಮ್ಮ ಮೈಸೂರಿನಲ್ಲೇ. ಥಾಮಸ್ ಹಿಕ್ಕಿ 1805ರಲ್ಲಿ ಬರೆದ ಒಂದು ತೈಲಚಿತ್ರದಲ್ಲಿ ಅರಮನೆಯ ಮೂವರು ಹೆಂಗಸರಿದ್ದಾರೆ. ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ಆಕೆ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ತೋಳಿನ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಭಾರತಕ್ಕೆ ಗೋವಿನ ಸಿಡುಬಿನ ಲಸಿಕೆ ಬಂದದ್ದೇ 1802ರಲ್ಲಿ. ಮೂರು ವರ್ಷದೊಳಗೆ ರಾಣಿಯೊಬ್ಬಳು ಚಿತ್ರಕಾರನ ಮುಂದೆ ತೋಳು ತೋರಿಸಿ ನಿಂತಳು. ಈ ದೇಶದ ಕೊನೆಯ ಸಿಡುಬಿನ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. ಕೋರದಂಥ ಊರುಗಳಲ್ಲಿ ತೋಳಿನ ಮೇಲೆ ಅಚ್ಚು ಹಾಕಿಸಿಕೊಂಡ ದುಂಡು ಗುರುತು ಇರುವ ಹಿರಿಯರು ಈಗಲೂ ಇದ್ದಾರೆ. ಅದನ್ನು ಯಾರೂ ರಾಣಿಯ ಗತ್ತಿನಲ್ಲಿ ತೋರಿಸುವುದಿಲ್ಲ. ತೋರಿಸಬೇಕಾದದ್ದೇ.

ಮತ್ತೆ ಕೋರದ ಮನೆಗೆ ಬರೋಣ, ಈಗ ಸಂಜೆಯ ಹೊತ್ತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಿಂದಲೋ ತುಮಕೂರಿನ ಜಿಲ್ಲಾಸ್ಪತ್ರೆಯಿಂದಲೋ ಒಬ್ಬಾಕೆಯನ್ನು ಮನೆಗೆ ಕರೆತರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಆಟೋ ಅಂಗಳಕ್ಕೆ ಬರುವ ಮೊದಲೇ ಅತ್ತಿಗೆ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ಎರಡು ಚಿಟಿಕೆ ಅರಿಶಿನ ಕದಡಿ ಇಟ್ಟಿರುತ್ತಾಳೆ. ನೀರು ಹಳದಿ. ಗೂಡಿನ ಸುಣ್ಣದ ಡಬ್ಬಿಗೆ ಬೆರಳು ಹಾಕಿ, ಬೆರಳ ತುದಿಯಷ್ಟು ಸುಣ್ಣ ಬಿಟ್ಟರೆ ಸಾಕು. ಹಳದಿ ನೀರಿನಲ್ಲಿ ಒಂದು ಕೆಂಪು ದಾರ ಇಳಿಯುತ್ತದೆ, ಸುತ್ತುತ್ತದೆ, ಕಣ್ಣ ಮುಂದೆಯೇ ತಟ್ಟೆ ಪೂರ್ತಿ ಕೆಂಪಾಗುತ್ತದೆ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ಸೋಕಿದರೆ ಬಣ್ಣ ಬದಲಿಸುತ್ತದೆ. ಅದೇ ತಟ್ಟೆಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಮಾಡಿ ತೋರಿಸುವ ಈ ವಿದ್ಯೆ ನಮ್ಮ ಹೊಸಿಲಲ್ಲಿ ಎಷ್ಟೋ ತಲೆಮಾರುಗಳಿಂದ ನಡೆಯುತ್ತ ಬಂದಿದೆ.

ಆಕೆ ಹೊಸಿಲಾಚೆ ನಿಲ್ಲುತ್ತಾಳೆ. ತಲೆಗೂದಲು ಉದುರಿದೆ, ಸೆರಗು ಹೊದ್ದಿದ್ದಾಳೆ. ತಟ್ಟೆ ಅವಳ ಮುಖದ ಸುತ್ತ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಸುತ್ತುತ್ತದೆ. ಊರ ಕಣ್ಣು, ಕೇರಿ ಕಣ್ಣು, ಆಸ್ಪತ್ರೆ ಕಣ್ಣು, ಎಲ್ಲ ಕಣ್ಣೂ ಹೋಗಲಿ. ಕೆಂಪು ನೀರಿನ ಬೊಟ್ಟೊಂದು ಅವಳ ಹಣೆಗೆ. ಉಳಿದದ್ದು ಅಂಗಳದ ಮೂಲೆಗೆ, ಯಾರೂ ತುಳಿಯದ ಕಡೆಗೆ.

ಆ ಆರತಿಯಲ್ಲಿ ಏನಾಯಿತು? ಗೆಡ್ಡೆ ಕರಗಲಿಲ್ಲ. ಮುಂದಿನ ಕಿಮೊ ಇಪ್ಪತ್ತೊಂದು ದಿನಕ್ಕೆ ಇದ್ದೇ ಇದೆ. ಆದರೆ ವಾರಗಟ್ಟಲೆ ನಂಬರಾಗಿ, ಫೈಲಾಗಿ, ಸಾಲಿನಲ್ಲಿ ಕೂತವಳು ಈಗ ಮತ್ತೆ ಆ ಮನೆಯವಳಾದಳು. ಮದುವೆಯಾಗಿ ಬಂದ ದಿನ, ಮಗು ಎತ್ತಿಕೊಂಡು ಬಂದ ದಿನ ಇದೇ ತಟ್ಟೆ ಅವಳ ಮುಖದ ಸುತ್ತ ಸುತ್ತಿತ್ತು. ಕಾಯಿಲೆಯನ್ನು ಆ ದಿನಗಳ ಸಾಲಿಗೆ ಸೇರಿಸಿ, ಇದೂ ಬದುಕಿನೊಳಗಿನದೇ ಎಂದು ಮನೆ ಒಪ್ಪಿಕೊಂಡಿತು.

ಈ ಗೂಡಿನ ಸಾಮಾನನ್ನೇ ಎತ್ತಿಕೊಂಡು ಜಗತ್ತಿನ ಗ್ಯಾಲರಿಗಳಿಗೆ ಹೋದ ಕಲಾವಿದೆ ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಶಾಂತಿನಿಕೇತನದಲ್ಲಿ, ಲಂಡನ್ನಿನಲ್ಲಿ ಓದಿದವರು. ತೊಂಬತ್ತರ ದಶಕದ ಮೊದಲಲ್ಲಿ ಕ್ಯಾನ್ವಾಸನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. 1998ರಲ್ಲಿ ಅವರು ಮಾಡಿದ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿಗೆ ಬೇಕಾದದ್ದು ಸೂಜಿ, ದಾರ, ಕುಂಕುಮ, ಗೋಂದು. ಉದ್ದುದ್ದದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಪೂರ್ತಿ ಎಳೆದು, ಎಲ್ಲವನ್ನೂ ಕೂಡಿಸಿ ಕುಂಕುಮ ಬಳಿದು ಹಗ್ಗ ಮಾಡಿದ್ದಾರೆ. ಆ ಕೆಂಪು ಹಗ್ಗ ಗೋಡೆಯಿಂದ ಇಳಿದು ನೆಲದ ಮೇಲೆ ಹರಿದು ಸುರುಳಿಯಾಗಿ ಮಲಗುತ್ತದೆ, ನೋಡಿದರೆ ಕರುಳು, ಹೊಕ್ಕುಳಬಳ್ಳಿ ಎಲ್ಲ ನೆನಪಿಗೆ ಬರುತ್ತವೆ. ತುದಿಯಲ್ಲಿ ಮಾತ್ರ ಎಲ್ಲ ಸೂಜಿಗಳೂ ಗೊಂಚಲಾಗಿ ಉಳಿದುಕೊಂಡಿವೆ. ಹೆಂಗಸೊಬ್ಬಳು ಕೂತು ಆ ದಾರಗಳನ್ನು ಎಳೆದ ಹೊತ್ತು ಎಷ್ಟಿರಬಹುದು ಎಂದು ಯೋಚಿಸಿದರೆ ಆ ಕೃತಿಯ ನೋವು ನೋಡುವವರ ಬೆರಳಿಗೇ ಬರುತ್ತದೆ.

ಮುಂದೆ 2009ರಲ್ಲಿ ವೆನಿಸ್ಸಿನ ಬಿನಾಲೆಗೆ ಅವರು ಒಯ್ದದ್ದು ಕೂದಲಿನ ಹಗ್ಗ, ಕಾರಿನ ಬಂಪರ್. ದೃಷ್ಟಿ ತಾಗದಿರಲಿ, ಅಪಘಾತ ಆಗದಿರಲಿ ಎಂದು ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುವ ಕೂದಲ ಹಗ್ಗ ಅದು. ಕೋರದ ಹೆದ್ದಾರಿಯ ಪಕ್ಕ ಅರ್ಧ ಗಂಟೆ ನಿಂತರೆ ನಿಂಬೆಹಣ್ಣು, ಮೆಣಸಿನಕಾಯಿ, ಹಳೆ ಚಪ್ಪಲಿ, ಕಪ್ಪು ಹಗ್ಗ ಕಟ್ಟಿದ ಲಾರಿಗಳು ಸಾಲಾಗಿ ಹೋಗುತ್ತವೆ. ಶೀಲಾ ಗೌಡರ ಹೆಚ್ಚುಗಾರಿಕೆ ಈ ವಸ್ತುಗಳಿಗೆ ಬೇರೆ ಅರ್ಥ ಅಂಟಿಸಿದ್ದರಲ್ಲಿ ಇಲ್ಲ. ಅವುಗಳಲ್ಲಿ ಮೊದಲೇ ಇದ್ದ ಭಯವನ್ನೂ ಅಕ್ಕರೆಯನ್ನೂ ಅವರು ಕೆಡಿಸದೆ ಹೊರಗೆ ತಂದರು.

ಸೂಜಿದಾರದ ಮಾತು ಬಂದ ಮೇಲೆ ಬೊಂತೆಯನ್ನು ಬಿಡುವಂತಿಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ಜಗಲಿಯಲ್ಲಿ ಹಳೆ ಸೀರೆಗಳು ಪದರ ಪದರವಾಗಿ ಹರಡಿಕೊಳ್ಳುತ್ತವೆ. ಕೆಳಗೆ ಗಟ್ಟಿ ನೂಲಿನ ಸೀರೆ, ನಡುವೆ ಹರಿದ ಪಂಚೆ, ಲುಂಗಿ, ಮೇಲೆ ಮೆದುವಾದದ್ದು. ಇಬ್ಬರು ಎದುರುಬದುರು ಕೂತು ಅಂಚಿನಿಂದ ಒಳಕ್ಕೆ ಹೊಲಿಗೆ ಹಾಕುತ್ತ ಬರುತ್ತಾರೆ. ಹೊಲಿಗೆಗಿಂತ ಮಾತು ಜಾಸ್ತಿ, ಆದರೆ ಕೈ ನಿಲ್ಲುವುದಿಲ್ಲ. ಉತ್ತರ ಕರ್ನಾಟಕದ ಕೌದಿಯಲ್ಲಿ ಕಾಣುವ ಬಣ್ಣದ ಚೌಕಗಳ ವೈಭವ ಇದಕ್ಕಿಲ್ಲ, ಕೆಲಸ ಮಾತ್ರ ಅದೇ. ಮಲಗಿದವರಿಗೆ ಬೊಂತೆಯೇ ಆಗಬೇಕು. ಬಾಣಂತಿಗೆ, ಜ್ವರದ ಮಗುವಿಗೆ, ಲಕ್ವ ಹೊಡೆದು ಎದ್ದೇಳಲಾರದ ತಾತನಿಗೆ. ಹೊಸ ಬಟ್ಟೆ ಮೈಗೆ ಒತ್ತುತ್ತದೆ, ಉಟ್ಟು ಉಟ್ಟು ಒಗೆದು ಒಗೆದು ಸವೆದದ್ದು ಒತ್ತುವುದಿಲ್ಲ. ಅದರ ಜೊತೆಗೆ ತೀರಿಹೋದ ಅವ್ವನ ಸೀರೆಯೂ ಅಲ್ಲೇ ಎರಡನೇ ಪದರದಲ್ಲಿದೆ ಎಂಬುದು ಹೊದ್ದವರಿಗೆ ಗೊತ್ತಿರುತ್ತದೆ.

1987ರ ಅಕ್ಟೋಬರ್ 11ರಂದು ಅಮೆರಿಕದ ವಾಷಿಂಗ್ಟನ್ನಿನ ಬಯಲಿನಲ್ಲಿ ಜನ ಇಂಥದೇ ಒಂದು ಹೊದಿಕೆ ಹಾಸಿದರು. ಏಡ್ಸಿನಿಂದ ಸತ್ತವರ ಹೆಸರನ್ನು ಮನೆಯವರು, ಗೆಳೆಯರು ಬಟ್ಟೆಯ ಮೇಲೆ ಹೊಲಿದಿದ್ದರು. ಒಂದೊಂದು ತುಂಡೂ ಮೂರು ಅಡಿ ಅಗಲ, ಆರು ಅಡಿ ಉದ್ದ, ಒಬ್ಬರನ್ನು ಮಲಗಿಸುವ ಗುಣಿಯಷ್ಟು. ಅಂಥ 1,920 ತುಂಡುಗಳು ಆ ದಿನ ಅಲ್ಲಿದ್ದವು. ಅಂಗಿ, ಗೊಂಬೆ, ಗುಂಡಿ, ಪತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಹೊಲಿದು ಸೇರಿಸಿದ್ದರು. ಹೆಸರು ಹೇಳಲೂ ಜನ ಅಂಜುತ್ತಿದ್ದ ಕಾಯಿಲೆಯನ್ನು ಬೀದಿಗೆ ತಂದು ಎಲ್ಲರೂ ನೋಡುವಂತೆ ಮಾಡಿದ್ದು ಮನೆಯ ಸೂಜಿದಾರ.

ಮಾತ್ರೆಗಳನ್ನೇ ನೇಯ್ದವರೂ ಇದ್ದಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ‘ಕ್ರೇಡಲ್ ಟು ಗ್ರೇವ್’ ಎಂಬ ಕೃತಿ ಇದೆ. ವಸ್ತ್ರ ಕಲಾವಿದೆ ಸೂಸಿ ಫ್ರೀಮನ್, ಡೇವಿಡ್ ಕ್ರಿಚ್ಲಿ, ವೈದ್ಯೆ ಲಿಜ್ ಲೀ ಸೇರಿ ಮಾಡಿದ್ದು. ಸಣ್ಣ ಬಲೆಯ ಎರಡು ಉದ್ದನೆಯ ಬಟ್ಟೆ, ಒಂದು ಗಂಡಸಿನದು, ಒಂದು ಹೆಂಗಸಿನದು. ಬ್ರಿಟನ್ನಿನ ಒಬ್ಬ ಸಾಮಾನ್ಯ ಮನುಷ್ಯನಿಗೆ ಹುಟ್ಟಿನಿಂದ ಸಾವಿನವರೆಗೆ ವೈದ್ಯರು ಬರೆದುಕೊಡುವ ಸುಮಾರು 14,000 ಮಾತ್ರೆಗಳು ಒಂದೊಂದರ ಕಣ್ಣುಗಳಲ್ಲಿ ಕೂತಿವೆ. ಕೋರದ ಗೂಡಿನ ಖಾಲಿ ಮಾತ್ರೆ ಹಾಳೆಗಳನ್ನು ಒಂದು ವರ್ಷ ಎಸೆಯದೆ ದಾರಕ್ಕೆ ಪೋಣಿಸಿದರೆ ನಡುಮನೆಗೆ ತೋರಣ ಕಟ್ಟುವಷ್ಟು ಆಗುತ್ತದೆ. ಬೆಳ್ಳಿಯ ಹೊಳಪಿನ ಆ ಹಾಳೆಗಳನ್ನು ಮಕ್ಕಳು ಆಟಕ್ಕೆ ಎತ್ತಿಕೊಳ್ಳುವುದುಂಟು. ಒಳಗೆ ಮಾತ್ರೆ ಉಳಿದಿಲ್ಲವೆಂದು ದೊಡ್ಡವರು ನೋಡಿ ಕೊಟ್ಟರೆ ಒಳ್ಳೆಯದು.

ಆಸ್ಪತ್ರೆಯ ವಾರ್ಡಿನಲ್ಲೂ ಕೈ ಸುಮ್ಮನಿರುವುದಿಲ್ಲ. ಗ್ಲೂಕೋಸ್ ಪೈಪಿನಿಂದ ಹೆಣೆದ ಪುಟ್ಟ ಮೀನನ್ನು ನೀವೂ ಯಾರದಾದರೂ ಬೀಗದ ಕೈ ಗೊಂಚಲಿನಲ್ಲಿ ನೋಡಿರುತ್ತೀರಿ. ಪೈಪನ್ನು ಸೀಳಿ, ಮಡಿಸಿ, ಒಂದರೊಳಗೊಂದು ತೂರಿಸಿ ರೆಕ್ಕೆ, ಬಾಲ ಮಾಡಿ, ಕಣ್ಣಿಗೊಂದು ಮಣಿ ಇಡುತ್ತಾರೆ. ರಾತ್ರಿ ಪಾಳಿಯ ಸಿಬ್ಬಂದಿ, ರೋಗಿಯ ಪಕ್ಕ ಕೂತು ಬೆಳಗು ಮಾಡುವ ಮನೆಯವರು ಕಂಡುಕೊಂಡ ಕಲೆ ಇದು. ಬಳಸಿದ ಪೈಪು ಕೆಂಪು ಚೀಲಕ್ಕೇ ಹೋಗಬೇಕು ಎಂಬುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ, ಅದು ಸರಿಯಾದ ನಿಯಮವೇ. ಮೀನು ಹೆಣೆಯಲು ಹೊಸ ಪೈಪೇ ಆಗಬೇಕು. ಆದರೂ ಹನಿ ಹನಿ ಇಳಿಯುವುದನ್ನು ರಾತ್ರಿಯೆಲ್ಲ ಎಣಿಸಿದವರಿಗೆ ಆ ಪೈಪಿನಲ್ಲಿ ಮೀನು ಕಂಡಿತಲ್ಲ, ಅದು ಎಷ್ಟು ದೊಡ್ಡ ಮಾತು!

ಹೀಗೆ ನೋವಿಗೆ ರೂಪ ಕೊಡುವುದು ಹರಕೆಯಲ್ಲೂ ಉಂಟು. ದಕ್ಷಿಣ ಕನ್ನಡದ ಉಜಿರೆಯ ಹತ್ತಿರದ ಸುರ್ಯ ಎಂಬಲ್ಲಿ ಸದಾಶಿವರುದ್ರನಿಗೆ ಮಣ್ಣಿನ ಹರಕೆ ಒಪ್ಪಿಸುತ್ತಾರೆ. ಕೈ ನೋವಿದ್ದವರು ಮಣ್ಣಿನ ಕೈ, ಕಾಲು ನೋವಿದ್ದವರು ಕಾಲು, ಮಗು ಬೇಕೆಂದವರು ಮಗು. ಹರಕೆ ಬನದಲ್ಲಿ ಆ ಕೈಕಾಲುಗಳು ರಾಶಿಯಾಗಿ ಬಿದ್ದು, ಮಳೆಗೆ ನೆನೆದು, ಪಾಚಿ ಹಿಡಿದು ನಿಧಾನಕ್ಕೆ ನೆಲ ಸೇರುತ್ತವೆ. ನೋವನ್ನು ಮೈಯಿಂದ ಹೊರಗೆ ತೆಗೆದು ಎದುರಿಗಿಟ್ಟು ನೋಡುವುದಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ.

ಕೋರದ ಸೀಮೆಗೆ ಮರಳಿದರೆ, ಮೈಯ ಕಷ್ಟಕ್ಕೆ ಆಕಾರ ಕೊಡುವ ಈ ಕೆಲಸ ಅಜ್ಜಿಯರ ಜೊತೆಗೇ ಮುಗಿಯುತ್ತದೆ ಎಂದು ಅನ್ನಿಸುವುದಿಲ್ಲ. ಸೆಪ್ಟೆಂಬರ್ ಬಂತೆಂದರೆ ಅಂಗನವಾಡಿಗಳಲ್ಲಿ ಪೋಷಣ ಮಾಸ, 2018ರಿಂದ ಪ್ರತಿವರ್ಷ ನಡೆಯುತ್ತಿದೆ. ಆ ತಿಂಗಳ ಕಾರ್ಯಕ್ರಮದ ದಿನ ರಂಗೋಲಿಗೆ ಪುಡಿ ಇಲ್ಲ, ಮನೆಮನೆಯಿಂದ ಬಂದ ದಿನಸಿಯೇ ಬಣ್ಣ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಸುರಿ ಹೆಂಗಸೊಬ್ಬಳ ಆಕಾರ ಬರೆಯುತ್ತಾರೆ. ಸೀರೆಗೆ ರಾಗಿ. ಅಂಚಿಗೆ ಹೆಸರುಕಾಳು. ಜಡೆಗೆ ಹುರುಳಿ, ಅದರ ತುದಿಗೆ ಕಡ್ಲೆಕಾಯಿ. ಮೈಯಲ್ಲಿ ರಕ್ತ ಕಡಿಮೆಯಾದವರು ಏನು ತಿನ್ನಬೇಕು ಎಂಬುದನ್ನು ಆ ಮೈಯಲ್ಲೇ ಬರೆಯಬೇಕಲ್ಲ, ಅದಕ್ಕೆ ಎದೆಯ ಜಾಗಕ್ಕೆ ಟೊಮೆಟೊ, ಬೀಟ್‌ರೂಟು, ಹೊಟ್ಟೆಯ ಸುತ್ತ ನುಗ್ಗೆಸೊಪ್ಪು. ಹೊಟ್ಟೆಯೊಳಗೆ ಏನಿಡುವುದು ಎಂದು ಚರ್ಚೆಯಾಗುತ್ತದೆ. ಒಬ್ಬಳು ಮೊಟ್ಟೆ ಅನ್ನುತ್ತಾಳೆ, ಇನ್ನೊಬ್ಬಳು ಬೆಲ್ಲದ ಉಂಡೆ ಅನ್ನುತ್ತಾಳೆ.

“ಎರಡೂ ಇಡ್ರಮ್ಮಾ, ಕೂಸಿಗೆ ಕಡ್ಮೆ ಮಾಡ್ಬ್ಯಾಡಿ” ಎಂದು ಬಾಗಿಲಲ್ಲಿ ನಿಂತ ಹಿರಿಯಾಕೆ ತೀರ್ಮಾನ ಹೇಳುತ್ತಾಳೆ.

ಏಳು ತಿಂಗಳ ಬಸುರಿಯೊಬ್ಬಳನ್ನು ಆ ಚಿತ್ರದ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ ಬಳೆ ತೊಡಿಸುತ್ತಾರೆ. ಅವಳು ನೆಲದ ಮೇಲಿನ ರಾಗಿಯ ಹೆಂಗಸನ್ನೇ ನೋಡುತ್ತಿರುತ್ತಾಳೆ. ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆಯ ಹಾಳೆಯನ್ನು ಕೈಗಿಟ್ಟು, ಊಟವಾದ ಮೇಲೆ ನುಂಗಬೇಕು, ಕಾಫಿ ಟೀ ಜೊತೆಗೆ ಬೇಡ ಎಂದು ಎರಡೆರಡು ಸಲ ಹೇಳುತ್ತಾಳೆ. ಹನ್ನೆರಡಕ್ಕೆ ಫೋಟೊ. ಆಮೇಲೆ ಕಡ್ಡಿಯಿಂದ ಸೊಪ್ಪು ಬಿಡಿಸುವಷ್ಟು ಸರಾಗವಾಗಿ ನಾಲ್ಕು ಕೈ ಸೇರಿ ಚಿತ್ರವನ್ನು ಕಳಚುತ್ತವೆ: ರಾಗಿ ಮೊರಕ್ಕೆ, ಕಾಳು ಪಾತ್ರೆಗೆ, ಸೊಪ್ಪು ತೊಳೆಯುವ ಬೇಸಿನ್ನಿಗೆ. ಸಹಾಯಕಿ ಆಗಲೇ ಒಲೆ ಹಚ್ಚಿ, ಒಗ್ಗರಣೆಗೆ ಈರುಳ್ಳಿ ಹೆಚ್ಚಲು ಯಾರಾದರೂ ಬನ್ನಿ ಎಂದು ಒಳಗಿನಿಂದ ಕೂಗುತ್ತಿರುತ್ತಾಳೆ.